ಮುಪ್ಪಿನ ವಾಸನೆ

ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್‌ನ ‘ಕಾಲರಾ ಕಾಲದ ಪ್ರೇಮ’ (1985) ಪ್ರೇಮಿಗಳಿಂದ ಶುರುವಾಗುವುದಿಲ್ಲ, ಒಂದು ಹೆಣದಿಂದ ಶುರುವಾಗುತ್ತದೆ. ಕೊಲಂಬಿಯಾದ ಕೆರಿಬಿಯನ್ ದಂಡೆಯ ಊರು. ಮಕ್ಕಳ ಫೋಟೊ ತೆಗೆದು ಬದುಕುತ್ತಿದ್ದ ಜೆರೆಮಿಯಾ ಎಂಬವನು ಸಯನೈಡಿನ ಹೊಗೆ ಸೇದಿ ಸತ್ತಿದ್ದಾನೆ. ಕೋಣೆಯ ತುಂಬ ಕಹಿ ಬಾದಾಮಿಯ ವಾಸನೆ. ಅವನಿಗೆ ಪ್ರೇಮಭಂಗವೇನೂ ಆಗಿರಲಿಲ್ಲ. ಅರವತ್ತು ದಾಟಿ ಬದುಕಬಾರದೆಂದು ಎಂದೋ ತೀರ್ಮಾನಿಸಿದ್ದ. ವಾಯಿದೆ ಬಂತು, ಹೊರಟುಹೋದ. ಮುಂದೆ ಕಥೆಗೆ ಇವನಿಂದ ಹೆಚ್ಚೇನೂ ಆಗಬೇಕಾದ್ದಿಲ್ಲ. ಹಾಗಿದ್ದೂ ಮೊದಲ ಹೆಣ ಇವನದೇ ಏಕೆ?

ನಮ್ಮ ಮೀಮಾಂಸಕರ ಕ್ರಮದಲ್ಲಿ ಮೊದಲು ವಿಷಯ. ತಂತಿ ಕಚೇರಿಯ ಹುಡುಗ ಫ್ಲೊರೆಂಟಿನೊ ಅರೀಸಾ, ಶಾಲೆಗೆ ಹೋಗುವ ಹುಡುಗಿ ಫೆರ್ಮಿನಾ ದಾಸಾ. ಕಾಗದದಲ್ಲೇ ಪ್ರೇಮ. ಅಪ್ಪ ಮಗಳನ್ನು ದೂರದೂರಿಗೆ ಕರೆದೊಯ್ಯುತ್ತಾನೆ. ವಾಪಸ್ ಬಂದವಳು ಪೇಟೆಯ ಜನಜಂಗುಳಿಯಲ್ಲಿ ಅವನನ್ನು ಹತ್ತಿರದಿಂದ ನೋಡುತ್ತಾಳೆ, ಅಷ್ಟೇ, ಮಾಯೆ ಹರಿಯುತ್ತದೆ. ಡಾಕ್ಟರ್ ಹುವೆನಾಲ್ ಉರ್ಬಿನೊನನ್ನು ಮದುವೆಯಾಗುತ್ತಾಳೆ. ಆ ಡಾಕ್ಟರು ಎಂಬತ್ತೊಂದರಲ್ಲಿ, ಮಾವಿನ ಮರಕ್ಕೆ ಹಾರಿದ ಗಿಳಿಯನ್ನು ಹಿಡಿಯಹೋಗಿ ಏಣಿಯಿಂದ ಬಿದ್ದು ಸಾಯುತ್ತಾನೆ. ಸಾವಿನ ಮನೆಯಲ್ಲೇ ಫ್ಲೊರೆಂಟಿನೊ ತನ್ನ ಪ್ರೇಮವನ್ನು ಮತ್ತೆ ನಿವೇದಿಸುತ್ತಾನೆ. ಕಾದದ್ದು 51 ವರ್ಷ, 9 ತಿಂಗಳು, 4 ದಿನ. ಅವನಿಗೆ ಎಪ್ಪತ್ತಾರು, ಅವಳಿಗೆ ಎಪ್ಪತ್ತೆರಡು. ಅವಳು ಅವನನ್ನು ಮನೆಯಿಂದಾಚೆ ಅಟ್ಟುತ್ತಾಳೆ. ಸರಿಯಾಗೇ ಮಾಡಿದಳು ಎಂದು ನನಗೆ ಪ್ರತಿ ಓದಿನಲ್ಲೂ ಅನಿಸಿದೆ.

ಸಂಶಯ: ಇದು ಪ್ರೇಮವೋ, ಹಳಹಳಿಗೆ ಇಟ್ಟುಕೊಂಡ ಹೆಸರೋ?

ಇದು ಪ್ರೇಮವಲ್ಲ ಎನ್ನುವ ಪೂರ್ವಪಕ್ಷದವರ ಕೈಯಲ್ಲಿ ಗಟ್ಟಿ ಸಾಕ್ಷಿಯಿದೆ. ಒಂದು ರಾತ್ರಿ ಫೆರ್ಮಿನಾ ಗಂಡನ ಜೊತೆ ಊಟದ ಮನೆಗೆ ಬಂದಿದ್ದಳು. ಫ್ಲೊರೆಂಟಿನೊ ಬೇರೆ ಮೇಜಿನಲ್ಲಿ ಕೂತು, ಗೋಡೆಯ ದೊಡ್ಡ ಕನ್ನಡಿಯಲ್ಲಿ ಅವಳು ಉಣ್ಣುವುದನ್ನು, ನಗುವುದನ್ನು ಎರಡು ತಾಸು ನೋಡಿದ. ಆಮೇಲೆ ಮಾಲೀಕನ ದುಂಬಾಲು ಬಿದ್ದು ಆ ಕನ್ನಡಿಯನ್ನೇ ಕೊಂಡು ತಂದು ಮನೆಯಲ್ಲಿ ತೂಗುಹಾಕಿದ. ಅವನಿಗೆ ಬೇಕಾದದ್ದು ಅದರ ಚೌಕಟ್ಟಿನ ಕುಸುರಿಯಲ್ಲ, ಅವಳ ಬಿಂಬ ಎರಡು ತಾಸು ತಂಗಿದ್ದ ಗಾಜು. ಪೂರ್ವಪಕ್ಷಿ ಕೇಳುತ್ತಾನೆ: ಹೆಣ್ಣು ಎದ್ದುಹೋದ ಮೇಲೂ ಗಾಜನ್ನು ಹೊತ್ತು ತರುವವನು ಪ್ರೇಮಿಯೇ? ಸಾಲದ್ದಕ್ಕೆ ಈ ನಡುವೆ 622 ಸಂಬಂಧಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟವನು!

ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಐವತ್ತೊಂದು ವರ್ಷದ ಕಾಯುವಿಕೆಯನ್ನೇ ಪ್ರೇಮವೆಂದು ಕೊಂಡಾಡುವವರು ಕಾದಂಬರಿಯ ಕೊನೆಯ ಭಾಗವನ್ನು ಅವಸರದಲ್ಲಿ ಓದಿದವರು. ಕನ್ನಡಿಯೊಳಗಿನ ಹೆಣ್ಣಿಗೆ ವಯಸ್ಸಾಗುವುದಿಲ್ಲ, ಮೈವಾಸನೆಯಿಲ್ಲ, ಅವಳು ತಿರುಗಿ ನೋಡುವುದೂ ಇಲ್ಲ. ಈ ಹಳಹಳಿಯ ಬುಡದಲ್ಲಿರುವುದು ಮುಪ್ಪಿನ ಭಯ, ಮತ್ತು ಮುಪ್ಪಿನ ಭಯ ಎಂದರೆ ಸಾವಿನ ಭಯ ಅಲ್ಲವೇ ಅಲ್ಲ. ಜೆರೆಮಿಯಾ ಸಾವನ್ನು ತಾನೇ ಕರೆದು ಕೂರಿಸಿಕೊಂಡ. ಅವನಿಗೆ ಸಹಿಸಲಾಗದ್ದು ಮುದಿಯಾದ ಮೈ ಇನ್ನೊಬ್ಬರ ಕಣ್ಣಿಗೆ ಬೀಳುವುದು. ಕೂದಲುದುರಿದಾಗ ಕಂಡ ಕಂಡ ಎಣ್ಣೆ ಲೇಪಗಳಿಗೆಲ್ಲ ತಲೆಕೊಟ್ಟ ಫ್ಲೊರೆಂಟಿನೊ ಅವನ ಒಡಹುಟ್ಟಿದವನ ಹಾಗೆ. ಒಬ್ಬ ಅರವತ್ತಕ್ಕೆ ಗಡಿಯಾರ ಒಡೆದ, ಇನ್ನೊಬ್ಬ ಅದನ್ನು ಹದಿಹರೆಯದಲ್ಲೇ ನಿಲ್ಲಿಸಿದ.

ಸಿದ್ಧಾಂತಕ್ಕೆ ಬರುತ್ತೇನೆ. ಪ್ರೇಮ ಹುಟ್ಟುವುದು ಟೈಪ್‌ರೈಟರಿನಲ್ಲಿ. ಹಿಂದೆ ಊರಿನ ಪ್ರೇಮಿಗಳಿಗೆಲ್ಲ ಪುಕ್ಕಟೆ ಓಲೆ ಬರೆದುಕೊಟ್ಟಿದ್ದವನು ಈಗ ವಿಧವೆಗೆ ವ್ಯಾಪಾರದ ಕಾಗದದಂತೆ ಟೈಪ್ ಮಾಡಿ ಕಳಿಸುತ್ತಾನೆ. ಅದರಲ್ಲಿ ಬದುಕು, ಮುಪ್ಪು, ಸಾವುಗಳ ವಿಚಾರವಿದೆ. ‘ಅಂದು ನಾವು’ ಎಂಬ ಮಾತಿಲ್ಲ. ಹಳಹಳಿಯನ್ನು ಕೆಳಗಿಟ್ಟ ಮೇಲೆ ಮಾತ್ರ ಅವಳು ಓದತೊಡಗುತ್ತಾಳೆ. ಆಮೇಲೆ ಇಬ್ಬರೂ ಮಗ್ದಲೇನಾ ನದಿಯ ಹಡಗಿನಲ್ಲಿ. ಅಲ್ಲಿ ಫೆರ್ಮಿನಾ, ತನಗೆ ಮುದುಕಿಯ ವಾಸನೆ ಹತ್ತಿದೆ ಎಂದು ಹಿಂಜರಿಯುತ್ತಾಳೆ. ಹುಳಿ ವಾಸನೆ, ಅವನಿಗೂ ಬಂದಿದೆ. ತನ್ನದೂ ಅವಳಿಗೆ ಹೀಗೇ ಬಡಿದಿರಬೇಕೆಂದು ಅವನು ಸಮಾಧಾನ ಮಾಡಿಕೊಳ್ಳುತ್ತಾನೆ. ಮೊದಲ ರಾತ್ರಿ ಅವನ ಮೈ ಕೈಕೊಡುತ್ತದೆ. ಕಟ್ಟಿಸಿದ ಹಲ್ಲು, ಎನಿಮಾ, ಯಾವುದನ್ನೂ ಮಾರ್ಕೆಸ್ ಬಚ್ಚಿಡುವುದಿಲ್ಲ. ಮೊದಲ ಪುಟದ ಬಾದಾಮಿಗೆ ಜವಾಬು ಈ ಹುಳಿ ವಾಸನೆ. ಕನ್ನಡಿಗೆ ವಾಸನೆ ಅಂಟುವುದಿಲ್ಲ. ಟೈಪ್‌ರೈಟರಿನಲ್ಲಿ ಹುಟ್ಟಿದ ಅವನ ಪ್ರೇಮ ಮೈಗೂಡಿದ್ದು ಅದು ಅಂಟಿದಾಗ.

ಹಾಗಾದರೆ ಡಾಕ್ಟರನ ಸಂಸಾರವೇ ನಿಜವಾದ ಪ್ರೇಮವಲ್ಲವೇ ಎಂಬ ಆಕ್ಷೇಪ ಬರುತ್ತದೆ. ಬರಲಿ, ಒಳ್ಳೆಯ ಆಕ್ಷೇಪ. ಬಚ್ಚಲಲ್ಲಿ ಸೋಪಿರಲಿಲ್ಲ, ಇತ್ತು ಎಂದು ತಿಂಗಳುಗಟ್ಟಲೆ ಮುನಿಸಿಕೊಂಡು, ಕೊನೆಗೆ ಮಲಗುವ ಮಂಚದ ಆಸೆಗೆ ಗಂಡನೇ ಸೋತು ‘ಇತ್ತು’ ಎಂದು ಒಪ್ಪಿಕೊಂಡ ಸಂಸಾರ ಅದು. ಹೆಂಡತಿ ಗೊಣಗುತ್ತಾಳೆಂದು ಡಾಕ್ಟರು ಕೊನೆಕೊನೆಗೆ ಕೂತೇ ಮೂತ್ರ ಮಾಡುತ್ತಿದ್ದ. ಅವಳು ಅವನಿಗೆ ಮಗುವಿನಂತೆ ಬಟ್ಟೆ ತೊಡಿಸುತ್ತಿದ್ದಳು. ನನ್ನ ಉತ್ತರ ಇಷ್ಟು: ಮೈಯ ಮುಜುಗರಗಳ ಪಾಠ ಫೆರ್ಮಿನಾಗೆ ಆಗಲೇ ಮುಗಿದಿತ್ತು. ಹಡಗಿನಲ್ಲಿ ಹೊಸ ವಿದ್ಯಾರ್ಥಿ ಫ್ಲೊರೆಂಟಿನೊ. ಆ ಅರ್ಧ ಶತಮಾನ ವ್ಯರ್ಥವಾಯಿತೆಂದು ಕಾದಂಬರಿ ಅವಳ ಬಾಯಲ್ಲಿ ಹೇಳಿಸುವುದಿಲ್ಲ.

ಈ ವಯಸ್ಸಿನಲ್ಲಿ ಪ್ರೇಮ ಅಸಹ್ಯ ಎಂಬ ಮಗಳು ಒಫೇಲಿಯಾಳ ಆಕ್ಷೇಪಕ್ಕೆ ಫೆರ್ಮಿನಾ ಆಗಲೇ ಉತ್ತರ ಕೊಟ್ಟಿದ್ದಾಳೆ, ಮಗಳನ್ನು ಮನೆಯಿಂದ ಹೊರಹಾಕಿ. ಅದಕ್ಕೆ ನಾನು ಸೇರಿಸುವುದೇನಿಲ್ಲ.

ಮತ್ತೊಂದು: ಹಡಗಿನಲ್ಲಿ ಕಾಲರಾ ಇದೆಯೆಂದು ಸುಳ್ಳೇ ಹಳದಿ ಬಾವುಟ ಹಾರಿಸಿ, ಯಾವ ರೇವನ್ನೂ ಸೇರದೆ ನದಿಯಲ್ಲಿ ಮೇಲೆ ಕೆಳಗೆ ಓಡಾಡುವುದು ಪಲಾಯನವಲ್ಲವೇ? ಹೌದು. ಉಗಿಹಡಗುಗಳ ಒಲೆಗೆ ಸೌದೆಯಾಗಿ ಇಕ್ಕೆಲದ ಕಾಡು ಬೋಳಾಗಿದೆ, ನದಿ ಬತ್ತುತ್ತಿದೆ, ಮೊಸಳೆಗಳಿಲ್ಲ. ಪ್ರೇಮ ಗೆದ್ದಿತೆಂದು ನಾನು ವಾದಿಸುತ್ತಿಲ್ಲ. ಇಳಿಯಲು ಊರಿಲ್ಲದವರು ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಿದರು ಎಂದಷ್ಟೇ ನನ್ನ ವಾದ.

ಇನ್ನೊಂದು ಆಕ್ಷೇಪ ಉಳಿದಿದೆ, ಅದರ ಹೆಸರು ಅಮೆರಿಕಾ ವಿಕುನ್ಯಾ. ನಂಟರ ಹುಡುಗಿ, ಹದಿನಾಲ್ಕರ ವಯಸ್ಸಿನವಳು, ಓದಿಸಲೆಂದು ಮುದುಕ ಫ್ಲೊರೆಂಟಿನೊನ ಸುಪರ್ದಿಗೆ ಬಂದವಳು. ಅವನು ಅವಳನ್ನು ಹಾಸಿಗೆಗೆ ಎಳೆದುಕೊಂಡ. ಫೆರ್ಮಿನಾ ವಿಧವೆಯಾದದ್ದೇ ಕೈಬಿಟ್ಟ. ಮಹಾಭಾರತದ ಯಯಾತಿ ಮಗನಿಂದ ಕಡ ತಂದ ಹರೆಯವನ್ನು ಕೊನೆಗಾದರೂ ಹಿಂದಿರುಗಿಸಿದ. ಇಲ್ಲಿ ಹಿಂದಿರುಗಿಸಲು ಹುಡುಗಿ ಉಳಿಯಲಿಲ್ಲ, ವಿಷ ಕುಡಿದಳು. ಕಳೆದುಕೊಂಡದ್ದಕ್ಕೆ ಪಡುವ ಹಳಹಳಿ ಬೇರೆ, ಮಾಡಿದ್ದಕ್ಕೆ ಪಡುವ ಪಶ್ಚಾತ್ತಾಪ ಬೇರೆ. ಮೊದಲನೆಯದರಲ್ಲಿ ಫ್ಲೊರೆಂಟಿನೊ ಆಗರ್ಭ ಶ್ರೀಮಂತ. ಹಡಗಿನ ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತನಲ್ಲ ಎನ್ನುವವರಿದ್ದಾರೆ. ಅತ್ತ, ನಿಜ, ಆದರೆ ಆ ಕಣ್ಣೀರಲ್ಲೂ ಅವನಿಗೆ ಹೊಳೆದದ್ದು ತಾನು ಅವಳನ್ನು ಎಷ್ಟು ಪ್ರೀತಿಸಿದ್ದೆ ಎಂಬುದು, ಅವಳಿಗೆ ಏನು ಮಾಡಿದೆ ಎಂಬುದಲ್ಲ. ಈ ಆಕ್ಷೇಪಕ್ಕೆ ನನ್ನ ಸಿದ್ಧಾಂತದಲ್ಲಿ ಉತ್ತರವಿಲ್ಲ. ಅವಳು ಸತ್ತ ಸುದ್ದಿ ಹಡಗಿಗೆ ಬಂದದ್ದು ತಂತಿಯಲ್ಲಿ. ಓದಿದವನು ತಂತಿ ಕಚೇರಿಯಲ್ಲಿ ಬೆಳೆದವನು. ಬಾಗಿಲು ತೆರೆದು ಹೊರಬಂದವನು ನೇರ ಫೆರ್ಮಿನಾಳ ಹತ್ತಿರ ಹೋದ.