ಯಾವ ಪ್ರಶ್ನೆಗೆ ಎಷ್ಟು ಜೀವ?

"ಸರ್, ಅಪ್ಪಾ ಹೊಲದಾಗ ಔಷಧ ಹೊಡದ್ರ ನಡೀತದ, ನಾ ಬಾಟಲಿಯೊಳಗ ನಾಕು ಹುಳ ಕೊಂದ್ರ ಯಾಕ ನಡ್ಯಾಂಗಿಲ್ರೀ?"

ಕಾಗವಾಡ ತಾಲೂಕಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಕಲಿಸುವ ನನ್ನನ್ನು ಒಂಬತ್ತನೇ ತರಗತಿಯ ಹುಡುಗಿ ಹೀಗೆ ಕೇಳಿದ್ದು ಮಕ್ಕಳ ವಿಜ್ಞಾನ ಸಮಾವೇಶಕ್ಕೆ ವಿಷಯ ಆರಿಸುವ ಹೊತ್ತಿನಲ್ಲಿ. 1993ರಿಂದ ನಡೆದುಬಂದಿರುವ ಈ ಸಮಾವೇಶದಲ್ಲಿ ಮಕ್ಕಳು ತಮ್ಮ ಊರಿನ ಸಮಸ್ಯೆಯನ್ನೇ ಹಿಡಿದು ಅಧ್ಯಯನ ಮಾಡಬೇಕು. ಅವಳು ಹಿಡಿದದ್ದು ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುವನ್ನು. ಹೊಲದಿಂದ ಹುಳ ತಂದು ಬಾಟಲಿಗಳಲ್ಲಿಟ್ಟು, ಒಂದಕ್ಕೆ ಬೇವಿನ ಬೀಜದ ಕಷಾಯ, ಒಂದಕ್ಕೆ ಮೆಣಸಿನಕಾಯಿ-ಬೆಳ್ಳುಳ್ಳಿ ರಸ, ಇನ್ನೊಂದಕ್ಕೆ ಮೆಟಾರೈಜಿಯಂ ಶಿಲೀಂಧ್ರದ ಪುಡಿ ಹಾಕಿ ಯಾವುದರಲ್ಲಿ ಬೇಗ ಸಾಯುತ್ತವೆ ನೋಡಬೇಕು ಅಂದುಕೊಂಡಿದ್ದಳು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಅವಳ ಆಯಿ, ಬೇಡ ಅಂದಿದ್ದರು.

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಜೈನ ಮುನಿಗಳಾದ ಆಚಾರ್ಯ ಶಾಂತಿಸಾಗರರ ಭೋಜ, 1925ರಲ್ಲಿ ಆಚಾರ್ಯ ವಿದ್ಯಾನಂದರು ಹುಟ್ಟಿದ ಶೇಡಬಾಳ, 1946ರಲ್ಲಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ, ಎಲ್ಲವೂ ಈ ಸೀಮೆಯವೇ. ಚಾತುರ್ಮಾಸದಲ್ಲಿ ಮುನಿಗಳು ಒಂದೇ ಊರಲ್ಲಿ ನಿಲ್ಲುವುದು, ಮಳೆಗೆ ಎದ್ದ ಹುಳಹುಪ್ಪಡಿ ಕಾಲಡಿ ಸಿಗಬಾರದೆಂದು. ಅದೇ ಮಳೆಗಾಲದಲ್ಲಿ ಆ ಮುನಿಗಳಿಗೆ ನಡೆದುಕೊಳ್ಳುವ ಗೃಹಸ್ಥ ಶ್ರಾವಕರ ಹೆಗಲ ಮೇಲೆ ಔಷಧದ ಪಂಪು ಇರುತ್ತದೆ. ರಾಯಬಾಗದ ಕಬ್ಬಿಗೂ ಅಥಣಿಯ ದ್ರಾಕ್ಷಿಗೂ ನಿಪ್ಪಾಣಿಯ ತಂಬಾಕಿಗೂ ಹೊಡೆಯಲೇಬೇಕು.

ಹುಡುಗಿಯ ಪ್ರಶ್ನೆಗೆ ಜೈನ ಗೃಹಸ್ಥಧರ್ಮದಲ್ಲಿ ಒಂದು ಉತ್ತರವಿದೆ. ಅದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸುತ್ತದೆ. ಅಡುಗೆ, ಕಸಮುಸುರೆಯಲ್ಲಿ ಆಗುವುದು ಆರಂಭೀ ಹಿಂಸೆ. ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಉದ್ಯೋಗೀ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವುದು ವಿರೋಧೀ. ಕೊಲ್ಲಲೆಂದೇ ಕೊಲ್ಲುವುದು ಸಂಕಲ್ಪೀ. ಮೊದಲ ಮೂರು ಗೃಹಸ್ಥನಿಗೆ ಪೂರ್ತಿ ತಪ್ಪಿದ್ದಲ್ಲ, ಆದಷ್ಟು ಕಡಿಮೆ ಮಾಡಬೇಕು. ನಾಲ್ಕನೆಯದನ್ನು ಬಿಡಲೇಬೇಕು. ಅಪ್ಪ ಹೊಡೆಯುವ ಔಷಧ ಉದ್ಯೋಗೀ ಲೆಕ್ಕಕ್ಕೆ ಬರುತ್ತದೆ. ಮಗಳ ಬಾಟಲಿ ಯಾವ ಲೆಕ್ಕಕ್ಕೆ?

ನನ್ನ ಮಟ್ಟಿಗೆ ಅದನ್ನು ತೀರ್ಮಾನಿಸುವುದು ಅವಳು ಎತ್ತಿಕೊಂಡ ಪ್ರಶ್ನೆಯೇ. ಮೆಟಾರೈಜಿಯಂ ಶಿಲೀಂಧ್ರ ಗೊಣ್ಣೆಹುಳುವನ್ನು ಕೊಲ್ಲುತ್ತದೆಂಬುದು ಗೊತ್ತಿರುವ ಸಂಗತಿ. ಕೊಟ್ಟಿಗೆ ಗೊಬ್ಬರದಲ್ಲಿ ಕಲಸಿ ಹಾಕಿ ಎಂದು ಕೃಷಿ ಇಲಾಖೆಯವರೇ ಹೇಳುತ್ತಾರೆ. ಗೊತ್ತಿದ್ದ ಉತ್ತರವನ್ನು ಮತ್ತೊಮ್ಮೆ ತೋರಿಸಿ ಸರ್ಟಿಫಿಕೇಟ್ ತರಲು ಹುಳ ಸಾಯಬೇಕಾದರೆ ಅದು ಸಂಕಲ್ಪೀ ಹಿಂಸೆಯೇ. ಅಪ್ಪನಿಗಿರುವ ಸಾಲ, ಸಂಸಾರದ ಅನಿವಾರ್ಯತೆ ಮಗಳಿಗಿಲ್ಲ. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದು ಬೇಡವೆಂದು ಯುಜಿಸಿ 2014ರಲ್ಲಿ ಹೇಳಿತು. ನಾವು ಓದುವಾಗ ಮೇಣದ ತಟ್ಟೆಗೆ ಗುಂಡುಸೂಜಿ ಚುಚ್ಚಿ ಮಲಗಿಸಿದ ಕಪ್ಪೆಗಳಿಂದ ಜಗತ್ತಿಗೆ ಹೊಸದೊಂದು ಸಂಗತಿಯೂ ತಿಳಿಯಲಿಲ್ಲ.

ಹಾಗಂತ ಅಹಿಂಸೆಯ ಹೆಸರಲ್ಲಿ ಮಗುವಿನ ಕುತೂಹಲವನ್ನೇ ಮುಚ್ಚಿಡುವುದನ್ನು ನಾನು ಒಪ್ಪುವುದಿಲ್ಲ. ಬೇರೆ ದಾರಿ ಹೇಳಿದೆ. ಗೊಣ್ಣೆಹುಳುವಿನ ತಾಯಿದುಂಬಿಗಳು ಮೊದಲ ಮಳೆ ಬಿದ್ದ ಸಂಜೆ ಮಣ್ಣಿನಿಂದ ಎದ್ದು ಬೇವು, ಜಾಲಿ, ಬಾರಿಗಿಡಗಳ ಮೇಲೆ ಕೂರುತ್ತವೆ, ಬೆಳಗಾಗುವುದರೊಳಗೆ ಮತ್ತೆ ಮಣ್ಣು ಸೇರುತ್ತವೆ. ಯಾವ ಗಿಡಕ್ಕೆ ಎಷ್ಟು ಬರುತ್ತವೆ ಎಣಿಸು, ಒಂದೂ ಸಾಯುವುದಿಲ್ಲ ಎಂದೆ.

ಮರುದಿನ ಆಯಿಯ ಮಾತು ಹೊತ್ತು ಬಂದಳು: "ನೀ ಎಣಿಸಿ ಹೇಳ್ತಿ, ಮಂದಿ ಗಿಡಾ ಜಾಡಿಸಿ ಕೊಲ್ತಾರ. ಅದರಾಗ ನಿನ್ನ ಪಾಲಿಲ್ಲೇನು?"

ಆ ಹಿರಿಯ ಜೀವ ಹೇಳಿದ್ದು ಕೃತ, ಕಾರಿತ, ಅನುಮೋದಿತದ ಮಾತು. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದವರಿಗೆ ಸೈ ಅಂದದ್ದು, ಮೂರಕ್ಕೂ ಕರ್ಮಬಂಧವಿದೆ. ವಿಜ್ಞಾನಿಗಳು ಈ ಪ್ರಶ್ನೆಯನ್ನು ಅಪರೂಪಕ್ಕೆ ಹಾಕಿಕೊಳ್ಳುತ್ತಾರೆ, ಓದುಬರಹ ಹೆಚ್ಚು ಬಾರದ ಆಯಿ ನೇರ ಅಲ್ಲಿಗೇ ಬಂದರು. ಪಾಲು ಇದೆ ಎಂದೇ ನಾನೂ ಹೇಳುತ್ತೇನೆ. ಆದರೆ ಬೇವಿನ ಗಿಡದ ದುಂಬಿ ಗೊತ್ತಾದರೆ ಇಡೀ ಹೊಲಕ್ಕೆ ಔಷಧ ಸುರಿಯುವುದು ಕಡಿಮೆಯಾಗುತ್ತದೆ, ಎರೆಹುಳು ಉಳಿಯುತ್ತದೆ. ಹಿಂಸೆಯ ಮೂಲ ಪ್ರಮಾದ, ಅಂದರೆ ಎಚ್ಚರಗೇಡಿತನ ಎಂದು ನಮ್ಮ ಶಾಸ್ತ್ರ ಹೇಳುತ್ತದೆ. ಎಚ್ಚರದಿಂದಿರಲು ಮೊದಲು ತಿಳಿದಿರಬೇಕಲ್ಲ. ತಿಳಿಯದೆ ಇದ್ದ ಮಾತ್ರಕ್ಕೆ ನಾವು ನಿರ್ದೋಷಿಗಳಾಗುವುದಿಲ್ಲ.

ಕೊನೆಗೆ ಹುಡುಗಿ ಆರಿಸಿದ ವಿಷಯ ಆಯಿಯ ಅಡುಗೆಮನೆಯಲ್ಲೇ ಇತ್ತು: ನೀರು ಗಾಳಿಸುವ ಬಟ್ಟೆ. ನೀರಿನ ಜೀವ ಹೊಟ್ಟೆಗೆ ಹೋಗಬಾರದೆಂಬ ವ್ರತದಂತೆ ದಿನಾ ಗಾಳಿಸುತ್ತೇವೆ, ಬಟ್ಟೆಯಲ್ಲಿ ಉಳಿದದ್ದನ್ನು ನೋಡಿದವರು ಯಾರು? ಹೊಲದ ಸೇದುಬಾವಿಯ ನೀರನ್ನು ಒಂದು ಪದರಿನಲ್ಲಿ, ಎರಡರಲ್ಲಿ, ನಾಲ್ಕರಲ್ಲಿ ಗಾಳಿಸಿ, ಬಟ್ಟೆ ಮಗುಚಿ ಬಿಳಿ ಬಸಿಯಲ್ಲಿ ಜಾಲಾಡಿದೆವು. ಕಣ್ಣಿಗೆ ಬರೀ ಬಿಳಿ ಚುಕ್ಕೆ. ಆದರೆ ಆ ಚುಕ್ಕೆಗಳು ಜಿಗಿಜಿಗಿದು ಸರಿಯುತ್ತಿದ್ದವು. ಸೂಕ್ಷ್ಮದರ್ಶಕದಡಿ ನೀರಹನಿಯಾಕಾರದ ಮೈ, ಹಣೆಯ ನಡುವೆ ಒಂದೇ ಕಣ್ಣು, ಬಾಲದ ಎರಡೂ ಬದಿಗೆ ತುಂಬಿದ ಮೊಟ್ಟೆಚೀಲ. ಸೈಕ್ಲಾಪ್ಸ್, ಬಸುರಿ. ಒಂದು ಪದರು ದಾಟಿದ ಸಣ್ಣ ಮರಿಗಳು ನಾಲ್ಕು ಪದರಿನಲ್ಲಿ ಸಿಕ್ಕಿಕೊಂಡವು.

ನಾರುಹುಣ್ಣಿನ ಮರಿಹುಳವನ್ನು ಮನುಷ್ಯನ ಹೊಟ್ಟೆಗೆ ದಾಟಿಸುತ್ತಿದ್ದುದು ಇದೇ ಸೈಕ್ಲಾಪ್ಸ್. ಕುಡಿದ ಸುಮಾರು ಒಂದು ವರ್ಷಕ್ಕೆ ಕಾಲಿನಲ್ಲಿ ಬೊಬ್ಬೆ ಎದ್ದು ಸುಮಾರು ಗಜದುದ್ದದ ಹುಳ ಹೊರಬರುತ್ತಿತ್ತು. ಈ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಮದ್ದೂ ಇರಲಿಲ್ಲ. ಮೆಟ್ಟಿಲುಬಾವಿಗಳನ್ನು ಸೇದುಬಾವಿ ಮಾಡಿ, ಜನರಿಗೆ ನೀರು ಸೋಸುವುದನ್ನು ಕಲಿಸಿ ದೇಶ ಇದನ್ನು ನಿಲ್ಲಿಸಿತು. ಕೊನೆಯ ರೋಗಿ ಕಂಡದ್ದು 1996ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿದ್ದು 2000ದಲ್ಲಿ. ಬಟ್ಟೆಯೊಂದರಿಂದಲೇ ಆಗಲಿಲ್ಲ, ಬಾವಿಗಳಿಗೆ ಟೆಮೆಫಾಸ್ ಹಾಕಿ ಸೈಕ್ಲಾಪ್ಸ್ ಕೊಂದದ್ದೂ ಇದೆ. ಅದು ವಿರೋಧೀ ಹಿಂಸೆ, ಮುಚ್ಚಿಡಬೇಕಿಲ್ಲ. ಬೇರೆ ರೋಗಕ್ಕೂ ಬಟ್ಟೆ ನೆರವಾದದ್ದುಂಟು: ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು ಹಳೇ ಸೀರೆಯನ್ನು ಮಡಚಿ ನೀರು ಸೋಸಲು ಕಲಿಸಿದಾಗ ಕಾಲರಾ ಶೇಕಡಾ 48ರಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟಿಸಿದರು.

ಎಣಿಸಿ ಮುಗಿದ ಮೇಲೆ ಬಸಿಯ ನೀರನ್ನು ಹುಡುಗಿ ಅದೇ ಬಾವಿಗೆ ಮೆಲ್ಲಗೆ ಇಳಿಸಿದಳು. ಆಯಿ ಹೇಳಿಕೊಟ್ಟ ಕ್ರಮ ಅದು: ಒಂದು ನೀರಿನ ಜೀವ ಇನ್ನೊಂದು ನೀರಿನಲ್ಲಿ ಬಾಳುವುದಿಲ್ಲ, ಬಂದಲ್ಲಿಗೇ ಬಿಡಬೇಕು. ಈಗ ನಳಕ್ಕೇ ಬಟ್ಟೆ ಕಟ್ಟುತ್ತೇವೆ, ಬಟ್ಟೆ ಹಿಂಡಿದ ನೀರು ಗಟಾರಕ್ಕೆ ಹೋಗುತ್ತದೆ. ವ್ರತ ಅರ್ಧ ಮಾತ್ರ ಉಳಿದಿದೆ ಎಂದು ಅವಳು ತನ್ನ ವರದಿಯಲ್ಲಿ ಬರೆದಳು. ನಾನು ಅದನ್ನು ತಿದ್ದಲಿಲ್ಲ.

ಮಾರ್ಗದರ್ಶಕ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ: ಮಗು ಜೀವಶಾಸ್ತ್ರದ ವಿಷಯ ಹಿಡಿದು ಬಂದ ದಿನವೇ ಅದರ ಕೈಯಿಂದ ಮೂರು ಸಾಲು ಬರೆಸಿ. ಎಷ್ಟು ಜೀವ ಬೇಕು, ಎಲ್ಲಿಂದ ತರುತ್ತೀ, ಮುಗಿದ ಮೇಲೆ ಎಲ್ಲಿ ಬಿಡುತ್ತೀ. ಮೂರನೆಯ ಸಾಲಿಗೆ ಉತ್ತರ ಬರದಿದ್ದರೆ ಆ ವಿಷಯಕ್ಕೆ ಸಹಿ ಹಾಕಬೇಡಿ, ಮಗುವಿನ ಜೊತೆ ಕೂತು ಇನ್ನೊಂದು ವಿಷಯ ಹುಡುಕಿ.