ಎಂಟು ಬೆರಳು, 48 ಗಂಟೆ

ಚಳ್ಳಕೆರೆಯ ನಮ್ಮ ಚಿಕ್ಕಪ್ಪನಿಗೆ ಬಲಗೈಯಲ್ಲಿ ಮೂರೇ ಬೆರಳು. ಚಿಕ್ಕವರಿದ್ದಾಗ ನಮಗೆ ಅದೊಂದು ಆಟ. ಎರಡೂ ಕೈ ಎತ್ತಿ 'ಎಷ್ಟೈತೆ ಎಣಿಸ್ರೋ' ಅನ್ನೋರು, ನಾವು 'ಎಂಟು' ಅಂತ ಕೂಗೋದು. ಉಳಿದ ಎರಡನ್ನು ಎಣ್ಣೆ ಮಿಲ್ಲಿನ ಬೆಲ್ಟು ತಗೊಂಡಿತ್ತು.

ಚಳ್ಳಕೆರೆಯನ್ನು ಎಲ್ಲರೂ ಎಣ್ಣೆ ನಗರ ಅಂತ ಕರೆಯುತ್ತಿದ್ದ ದಿನಗಳವು. ಚಿಕ್ಕಪ್ಪ ಕಡಲೆಕಾಯಿ ಸಿಪ್ಪೆ ಬಿಡಿಸುವ ಮಿಷನ್ನಿನ ಹತ್ತಿರ ಇದ್ದರು. ಬೆಲ್ಟಿಗೆ ಗಾರ್ಡು ಇತ್ತಂತೆ. ಆದರೆ ಬೆಲ್ಟು ಜಾರಿದಾಗೆಲ್ಲ ಅದನ್ನು ಬಿಚ್ಚಿ ಹಾಕೋದು ತಡ ಅಂತ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ಬೆರಳು ಹೋದ ದಿನ ಸಾವುಕಾರರೇ ಜೀಪು ಓಡಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಬಿಲ್ಲು ಕಟ್ಟಿದರು. ಮಿಲ್ಲು ಮುಚ್ಚುವವರೆಗೂ ವಾಚ್‌ಮನ್ ಕೆಲಸದಲ್ಲಿ ಇಟ್ಟುಕೊಂಡರು. ಮಗಳ ಮದುವೆಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ತಂದುಕೊಟ್ಟರು. ಇವತ್ತಿಗೂ ಚಿಕ್ಕಪ್ಪನ ಮನೆಯಲ್ಲಿ ದೇವರ ಪಟಗಳ ಸಾಲಿನ ಕೊನೆಗೆ ಆ ಸಾವುಕಾರರ ಫೋಟೋ ಇದೆ.

ನನಗೆ ಆ ಫೋಟೋ ನೋಡಿದರೆ ಸಿಟ್ಟು ಬರುತ್ತಿತ್ತು. ಯಾಕಂದ್ರೆ ನಾನೀಗ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿದ್ದೇನೆ. ತಿರುಗುವ ಯಂತ್ರಕ್ಕೆ ಬೇಲಿ ಇರಬೇಕು ಅಂತ 1948ರ ಫ್ಯಾಕ್ಟರೀಸ್ ಆಕ್ಟಿನ 21ನೇ ಸೆಕ್ಷನ್ನಿನಲ್ಲೇ ಇತ್ತು. ಆದರೆ ವಿದ್ಯುತ್ ಬಳಸುವ ಕಡೆ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯಿಸುತ್ತಿದ್ದದ್ದು 10 ಜನ ಕೆಲಸಗಾರರಿಂದ ಮೇಲೆ. ಚಿಕ್ಕಪ್ಪನ ಮಿಲ್ಲಿನಲ್ಲಿದ್ದವರು ಎಂಟು. (2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಲೆಕ್ಕ 20 ಆಗಿದೆ. ಎಂಟು ಬೆರಳಿನವರು ಇನ್ನಷ್ಟು ದೂರ ಹೋದರು ಅಂತ ನನ್ನ ಲೆಕ್ಕ.) ಬೆರಳು ಹೋದಮೇಲೆ ಸೀರೆ ಕೊಡೋದು ಧರ್ಮವಾ, ಬೆರಳು ಹೋಗದ ಹಾಗೆ ನೂರು ರೂಪಾಯಿಯ ತಗಡು ಮುಚ್ಚೋದು ಧರ್ಮವಾ ಅಂತ ಚಿಕ್ಕಪ್ಪನ ಹತ್ತಿರ ಎಷ್ಟೋ ಸಲ ಜಗಳಕ್ಕೆ ನಿಂತಿದ್ದೇನೆ. 'ನಿನಗೆ ಗೊತ್ತಾಗಲ್ಲ ಬಿಡಪ್ಪಾ' ಅನ್ನೋರು.

ಹೋದ ವರ್ಷ ನಮ್ಮ ಕಾರ್ಖಾನೆಯಲ್ಲಿ ಒಬ್ಬ ಕಾಂಟ್ರಾಕ್ಟ್ ಹುಡುಗನ ಕೈ ಪ್ರೆಸ್ಸಿಗೆ ಸಿಕ್ಕಿತು. ಬೆರಳು ಉಳಿಯಿತು, ಮೂಳೆ ಬಿರುಕು ಬಿಟ್ಟಿತ್ತು. ಗೇಟಿನ ಪಕ್ಕ ನಮ್ಮದೊಂದು ಹಸಿರು ಬೋರ್ಡಿದೆ, ಅಪಘಾತವಿಲ್ಲದೆ ಇಷ್ಟು ದಿನ ಅಂತ. ಆವತ್ತು ಅದರಲ್ಲಿ ಮುನ್ನೂರು ಚಿಲ್ಲರೆ ಇತ್ತು. ಗಾಯಗೊಂಡವನು 48 ಗಂಟೆ ಕೆಲಸ ಮಾಡಲಾಗದೆ ಹೋದರೆ ಇಲಾಖೆಗೆ ತಿಳಿಸಬೇಕು ಅಂತ ಕಾನೂನು. ಮರುದಿನ ಬೆಳಿಗ್ಗೆ ಆ ಹುಡುಗನ ರೂಮಿಗೆ ಕ್ಯಾಬ್ ಕಳಿಸಿದೆವು. ಕೈಗೆ ಪಟ್ಟಿ ಕಟ್ಟಿಕೊಂಡು ಬಂದ. ಟ್ರೇನಿಂಗ್ ರೂಮಿನಲ್ಲಿ ಫ್ಯಾನಿನ ಕೆಳಗೆ ಕೂರಿಸಿದೆವು. ಎರಡು ದಿನ ಮೊಬೈಲ್ ನೋಡುತ್ತ ಕೂತಿದ್ದ. ಹಾಜರಿ ಪುಸ್ತಕದಲ್ಲಿ 'ಲೈಟ್ ಡ್ಯೂಟಿ' ಅಂತ ಬರೆದವನು ನಾನೇ. ಯಾರೂ ಹೀಗೆ ಮಾಡು ಅಂತ ಆರ್ಡರ್ ಕೊಟ್ಟಿರಲಿಲ್ಲ. ಮೇಲಿನವರು ಫೋನಿನಲ್ಲಿ 'ಬೋರ್ಡು ಏನಾಗುತ್ತೆ?' ಅಂತ ಕೇಳಿದ್ದರು, ಅಷ್ಟೆ. ಆ ತಿಂಗಳು ನಮ್ಮ ವಿಭಾಗಕ್ಕೆ ಕೇಕ್ ಬಂತು.

ಈ ಸಲ ದಸರಾ ರಜೆಗೆ ಊರಿಗೆ ಹೋದಾಗ ಚಿಕ್ಕಪ್ಪನನ್ನು ಕರೆದುಕೊಂಡು ಮೊಳಕಾಲ್ಮೂರಿಗೆ ಹೋದೆ. ದೊಡ್ಡಮ್ಮನ ಮಗಳು ಅಲ್ಲಿ ನೇಕಾರರ ಮನೆಗೆ ಸೊಸೆಯಾಗಿ ಹೋಗಿದ್ದಾಳೆ. ಅಕ್ಕ-ಭಾವ ಇಬ್ಬರೂ ನೇಯುತ್ತಾರೆ. ಕುಣಿ ಮಗ್ಗ, ಅಂದರೆ ನೆಲದಲ್ಲಿ ಗುಂಡಿ, ಅದರೊಳಗೆ ಕಾಲು ಇಳಿಬಿಟ್ಟು ತುಳಿಯುವುದು. ರೇಷ್ಮೆ ಸಾವುಕಾರರದು, ಡಿಸೈನು ಸಾವುಕಾರರದು, ಕೂಲಿ ಸೀರೆಗಿಷ್ಟು ಅಂತ. ಮಂಡಿ ನೋವು, ಸೊಂಟ ನೋವು, ಸಂಜೆಗೆ ಕಣ್ಣು ಮಂಜು ಮಾತ್ರ ಅಕ್ಕಂದು. ನನ್ನ ವೃತ್ತಿಚಾಳಿ ಸುಮ್ಮನಿರಲ್ಲವಲ್ಲ, ಕೂರುವ ಹಲಗೆಗೆ ಒರಗುವ ಏರ್ಪಾಡು ಮಾಡಬಹುದಲ್ಲಾ, ಬೆಳಕು ಸಾಲದು, ಅಂತೆಲ್ಲ ಹೇಳಿದೆ. ಅಕ್ಕ ಲಾಳಿ ಎಸೆಯೋದು ನಿಲ್ಲಿಸದೆ, 'ಸರಿ ಕಣೋ, ಯಾರಿಗೆ ಹೇಳ್ಲಿ?' ಅಂದಳು.

ಜಿಐ ಟ್ಯಾಗ್ ಇರುವ ಸೀರೆ ಅದು. ಹೆಸರು ಊರಿನದು, ಲಾಭಕ್ಕೆ ವಾರಸುದಾರರಿದ್ದಾರೆ, ನೋವಿಗೆ ಇಲ್ಲ. ಸಾವುಕಾರರನ್ನು ಕೇಳಿದರೆ ಅವಳು ನಮ್ಮ ನೌಕರಳಲ್ಲ, ಅವಳ ಮನೆ, ಅವಳ ಮಗ್ಗ ಅನ್ನುತ್ತಾರೆ. ಕಾನೂನಿನ ಮಾತಾಗಿ ಅದು ಪೂರ್ತಿ ಸುಳ್ಳೂ ಅಲ್ಲ. ಮದುವೆಗೆ ಸೀರೆ ಕೊಂಡ ನಾವೂ ಅದನ್ನೇ ಹೇಳುತ್ತೇವೆ, ಇನ್ನೂ ಸಂಭಾವಿತ ಮಾತಿನಲ್ಲಿ.

ಅಲ್ಲಿಂದ ಬ್ರಹ್ಮಗಿರಿಗೆ ಹೋದೆವು. ಜನ ಅಕ್ಷರಗುಂಡು ಅನ್ನುವ ಬಂಡೆ. ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಶಾಸನ, 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು. ಶಾಲೆಯಲ್ಲಿ ಓದಿದ್ದೆ. ಆದರೆ ಅದು ಹೇಗೆ ಶುರುವಾಗುತ್ತೆ ಅಂತ ಗಮನಿಸಿರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕಳಿಸಿದ ಪತ್ರ ಅದು. ಆಜ್ಞೆಗಿಂತ ಮೊದಲು ಅವರ ಆರೋಗ್ಯ ವಿಚಾರಿಸುತ್ತಾರೆ. ಚಿಕ್ಕಪ್ಪನಿಗೆ ಹೇಳಿದೆ. 'ನೀವೂ ಮೇಲ್‌ನಲ್ಲಿ ಬರೀತೀರಲ್ಲ ಹಾಗೆ?' ಅಂದರು. ಹೌದು, ಹಾಗೇ. ಬರೀ ವಾಡಿಕೆ ಇರಬಹುದು. ಅಥವಾ ಆ ವಾಡಿಕೆ ಶುರುವಾದಾಗ ಯಾರೋ ನಿಜಕ್ಕೂ ಕೇಳಿರಬಹುದು. ಶಾಸನದ ಕೊನೆಗೆ ಕೆತ್ತಿದ ಲಿಪಿಕಾರ ಚಪಡ ತನ್ನ ಹೆಸರು ಬರೆದುಕೊಂಡು, ಲಿಪಿಕಾರ ಅನ್ನುವ ಮಾತನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಹಾಕಿದ್ದಾನೆ. ಆ ಕಾಲದಲ್ಲೂ ಬರೆದವನ ಹೆಸರು ಕೆಳಗೆ ಇರುತ್ತಿತ್ತು. ಹಾಜರಿ ಪುಸ್ತಕದಲ್ಲಿ ನನ್ನ ಸಹಿಯೂ ಇದೆ.

ಆ ಬಂಡೆಯ ಹತ್ತಿರವೇ ಕೂತು ಚಿಕ್ಕಪ್ಪನಿಗೆ ಪ್ರೆಸ್ಸಿನ ಕಥೆ ಹೇಳಿಬಿಟ್ಟೆ. ಬೈಯಲಿ ಅಂತಲೇ ಹೇಳಿದ್ದೇನೋ. 'ನಮ್ಮ ಸಾವುಕಾರ್ರು ತಗಡು ಹಾಕ್ಲಿಲ್ಲ, ನಿಜ. ಆದ್ರೆ ಬೆರಳು ಹೋಗ್ಲೇ ಇಲ್ಲ ಅಂತ ಯಾವತ್ತೂ ಹೇಳ್ಲಿಲ್ಲ' ಅಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, 'ಆ ಪ್ರೆಸ್ಸಿಗೆ ಈಗ ಗಾರ್ಡು ಹಾಕ್ಸಿದ್ದೀಯಾ?'

ಹಾಕಿಸಿರಲಿಲ್ಲ. ಹೇಗೆ ಹಾಕಿಸೋದು? ಅಪಘಾತ ದಾಖಲಾದರೆ ತನಿಖೆ, ತನಿಖೆಯಾದರೆ ಕಾರಣ, ಕಾರಣ ಸಿಕ್ಕರೆ ಬಜೆಟ್. ಆಗದ ಅಪಘಾತಕ್ಕೆ ಯಾರು ದುಡ್ಡು ಕೊಡುತ್ತಾರೆ? ಅದೇ ಪ್ರೆಸ್ಸಿನ ಮುಂದೆ ಈಗ ಇನ್ನೊಬ್ಬ ಹುಡುಗ ನಿಲ್ಲುತ್ತಾನೆ.

ಸೋಮವಾರ ಆಫೀಸಿಗೆ ಬಂದವನು ಹಳೆಯ ದಿನಾಂಕ, ನಡೆದದ್ದು, ನಾನು ಬರೆದದ್ದು ಎಲ್ಲ ಸೇರಿಸಿ ಎರಡು ಪುಟದ ವರದಿ ಕಳಿಸಿದೆ. ಆರೋಗ್ಯ ವಿಚಾರಿಸುವ ಸಾಲನ್ನು ಈ ಸಲ ಬಿಟ್ಟೆ. ಮೂರು ಗಂಟೆ ಉತ್ತರ ಬರಲಿಲ್ಲ. ಆಮೇಲೆ ಬಂತು, ಗುರುವಾರ ಕೂತು ಮಾತಾಡೋಣ ಅಂತ. ಇವತ್ತು ಬುಧವಾರ. ಬೆಳಿಗ್ಗೆ ಬರುವಾಗ ಬೋರ್ಡು ನೋಡಿದೆ. ಸೆಕ್ಯುರಿಟಿಯವರು ಸ್ಟೂಲು ಹತ್ತಿ ಅಂಕಿಯನ್ನು ಇನ್ನೊಂದು ಹೆಚ್ಚಿಸುತ್ತಿದ್ದರು.