ಪಟವೂ ಗುರುತೂ

ಮೂವತ್ತಾರು ವರ್ಷಗಳ ಕಾಲ ಶಾಲೆಯ ಕರಿಹಲಗೆಯ ಮೇಲೆ ದಿನಕ್ಕೊಂದು ಸುವಿಚಾರ ಬರೆಸಿದವನು ನಾನು. ಸತ್ಯವನ್ನು ಕುರಿತು ಬರೆಸಿದ ವಾಕ್ಯಗಳಿಗೆ ಲೆಕ್ಕವಿಲ್ಲ. ಆದರೆ ಅವೆಲ್ಲವೂ ನಾಲಿಗೆ ಆಡುವ ಸುಳ್ಳಿನ ಮಾತನ್ನೇ ಹೇಳುತ್ತಿದ್ದವು. ಬಾಯಿ ತೆರೆಯದೆಯೂ ಮನುಷ್ಯನು ಸುಳ್ಳು ಹೇಳಬಲ್ಲನೇ, ಹೇಳಿದರೆ ಅದರ ದೋಷವೆಷ್ಟು ಎಂದು ಯಾವ ವಿದ್ಯಾರ್ಥಿಯೂ ನನ್ನನ್ನು ಕೇಳಲಿಲ್ಲ. ನಿವೃತ್ತನಾಗಿ ಹದಿನೇಳು ವರ್ಷಗಳಾದ ಮೇಲೆ ಕೇಳಿದವನು ನನ್ನ ಮೊಮ್ಮಗ. ತಾನು ಕೇಳುತ್ತಿರುವುದು ಅಂಥ ಪ್ರಶ್ನೆಯೆಂದು ಅವನಿಗೂ ತಿಳಿದಿರಲಿಲ್ಲ.

ಅವನು ಪುಣೆಯಲ್ಲಿ ಇಂಜಿನಿಯರ. ದೀಪಾವಳಿಗೆ ಉಮರ್ಗಾಕ್ಕೆ ಬಂದವನು ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ನನ್ನ ಪಕ್ಕಕ್ಕೆ ಕುಳಿತು, ಮೊಬೈಲನ್ನು ಕೈಗಿತ್ತು, “ಮುತ್ಯಾ, ಈ ನಾಕರಾಗ ಯಾವ ಫೋಟೊ ಛಲೋ ಅದ, ಹೇಳು” ಎಂದ. ನಾಲ್ಕೂ ಗೋವೆಯ ಕಡಲ ತೀರದಲ್ಲಿ ತೆಗೆದವು. ಗೆಳೆಯರೆಲ್ಲ ಸೇರಿ ಎರಡು ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಟ ತೆಗೆದು ಈ ನಾಲ್ಕನ್ನು ಆರಿಸಿದ್ದರಂತೆ. ಇವು ಡೇಟಿಂಗ್ ಆ್ಯಪ್ ಎಂಬುದರಲ್ಲಿ ಹಾಕಲಿಕ್ಕೆ. ಅಲ್ಲಿ ಅಪರಿಚಿತರ ಪಟಗಳು ಒಂದರ ಹಿಂದೊಂದು ಬರುತ್ತವೆ; ಹೆಬ್ಬೆರಳಿನಿಂದ ಬಲಕ್ಕೆ ಸರಿಸಿದರೆ ಒಪ್ಪಿಗೆ, ಎಡಕ್ಕೆ ಸರಿಸಿದರೆ ನಿರಾಕರಣೆ. ಇಬ್ಬರೂ ಬಲಕ್ಕೆ ಸರಿಸಿದರೆ ಮಾತುಕತೆ ಆರಂಭವಾಗುತ್ತದೆ. ತಂದೆತಾಯಿಗೆ ತೋರಿಸದ್ದನ್ನು ಅವನು ನನಗೆ ತೋರಿಸಿದ. ಆ ವಿಶ್ವಾಸಕ್ಕೆ ನಾನು ಋಣಿ. ಈ ಲೇಖನವನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಪಟ ತೆಗೆಯುವುದರಲ್ಲಿ ಇರುವ ಶಾಸ್ತ್ರವನ್ನು ಅವನು ನನಗೆ ವಿವರಿಸಿದ. ನಡುಹಗಲ ಬಿಸಿಲು ನೆತ್ತಿಯಿಂದ ಬಿದ್ದು ಕಣ್ಣ ಗುಳಿಗಳನ್ನು ಕಪ್ಪಾಗಿಸುತ್ತದೆ. ಆದ್ದರಿಂದ ಗೋಧೂಳಿಯ ಹೊತ್ತಿಗಾಗಿ ಕಾಯಬೇಕು. ಆಗಿನ ಓರೆ ಬೆಳಕು ಮೃದು. ಮರಳು ಬೆಳಕನ್ನು ಕೆಳಗಿನಿಂದ ಮೇಲಕ್ಕೆ ಪ್ರತಿಫಲಿಸಿ ಗಲ್ಲದ ಕೆಳಗಿನ ನೆರಳನ್ನು ತಿಳಿಗೊಳಿಸುತ್ತದೆ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ ಕಾಣುತ್ತದೆ; ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಉಸಿರು ಒಳಗೆಳೆದು ಹೊಟ್ಟೆಯನ್ನು ಹಿಡಿದಿರಬೇಕು. ಇದನ್ನೆಲ್ಲ ನಾನು ಸಂತೋಷದಿಂದಲೇ ಕೇಳಿದೆ. ಬೀಗರ ಮನೆಗೆ ಹೊರಟವನು ಮಡಿಸಿದ ಧೋತರವನ್ನೇ ಉಡುತ್ತಾನೆ, ಎಣ್ಣೆ ಹಚ್ಚಿ ತಲೆ ಬಾಚುತ್ತಾನೆ. ಅದು ವಂಚನೆಯಲ್ಲ, ಎದುರಿನವರಿಗೆ ತೋರುವ ಗೌರವ.

ಆದರೆ ನಾಲ್ಕನೆಯ ಪಟ ನೋಡಿ ನನಗೆ ನಗು ಬಂತು. ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು, ತೆರೆಗಳ ಮೇಲೆ ಜಾರುವ ಹಲಗೆಯೊಂದನ್ನು ಕಂಕುಳಲ್ಲಿ ಹಿಡಿದು, ದಿಗಂತವನ್ನು ದಿಟ್ಟಿಸುತ್ತಿದ್ದಾನೆ. ಈ ಹುಡುಗ ಎಂಟು ವರ್ಷದವನಿದ್ದಾಗ ನಮ್ಮ ಹೊಲದ ಬಾವಿಗೆ ಈಜು ಕಲಿಸಲು ಕರೆದೊಯ್ದರೆ ಅತ್ತು ಹೊಳ್ಳಿ ಬಂದವನು. ಇಂದಿಗೂ ನೀರಿಗೆ ಹೆದರುತ್ತಾನೆ. ಹಲಗೆ ಬಾಡಿಗೆಯದು. ಕನ್ನಡಕ ತೆಗೆದಿದ್ದಾನೆ, ಅದಿಲ್ಲದೆ ಅವನಿಗೆ ಹತ್ತು ಮಾರು ದೂರದ ಎಮ್ಮೆಯೂ ಕಾಣದು, ಇನ್ನು ದಿಗಂತವೆಲ್ಲಿ! ಮುಖದ ಮೇಲಿನ ಮಚ್ಚೆಯನ್ನೂ ಹಣೆಯ ಮೇಲ್ಭಾಗದ ಬೋಳನ್ನೂ ಯಂತ್ರವೇ ಅಳಿಸಿತ್ತು.

ನಗುತ್ತಿದ್ದಂತೆಯೇ ನನಗೆ ಇನ್ನೊಂದು ಸಮುದ್ರ ನೆನಪಾಯಿತು, ನಗು ನಿಂತಿತು.

ನಮ್ಮದು ಕಡಲಿಲ್ಲದ ಸೀಮೆ. ಉಮರ್ಗಾ, ನಿಲಂಗಾ, ಉದಗೀರಗಳಿಂದ ಸಮುದ್ರಕ್ಕೆ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ನನ್ನ ತಾಯಿ ಸಮುದ್ರವನ್ನು ಕಾಣದೆಯೇ ತೀರಿಕೊಂಡಳು. ಆದರೂ ನಮ್ಮ ಪೇಟೆಗಳ ಫೋಟೊ ಸ್ಟುಡಿಯೋಗಳಲ್ಲಿ ಸಮುದ್ರವಿತ್ತು. ಗೋಡೆಗೆ ಇಳಿಬಿಟ್ಟ ಪರದೆಯ ಮೇಲೆ ನೀಲಿ ಬಣ್ಣದ ನೀರು, ಎರಡು ತೆಂಗಿನ ಮರ, ಒಂದು ಹಾಯಿದೋಣಿ. ಅದರ ಮುಂದೆ ನಿಂತು ಮದುವೆಗೆ ಬಂದ ಹೆಣ್ಣುಮಕ್ಕಳು ಪಟ ತೆಗೆಸಿಕೊಳ್ಳುತ್ತಿದ್ದರು.

ಅದಕ್ಕಿಂತ ಹಿಂದೆ ಪಟದ ಅಗತ್ಯವೇ ಇರಲಿಲ್ಲ. ನಿಜಾಮರ ಕಾಲದಲ್ಲಿ ನಾವೂ ಬೀದರ, ಕಲಬುರ್ಗಿಯವರೂ ಒಂದೇ ಸಂಸ್ಥಾನದವರು. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ಬೇರೆಯಾದರೂ ಬೀಗತನಕ್ಕೆ ಗಡಿಯ ಕಲ್ಲು ಅಡ್ಡವಾಗಲಿಲ್ಲ. ಹೆಣ್ಣು ಕೊಡುವುದೂ ತರುವುದೂ ಬಸವಕಲ್ಯಾಣ, ಭಾಲ್ಕಿ, ಆಳಂದಗಳ ನಡುವೆಯೇ ನಡೆಯುತ್ತಿತ್ತು. ಹುಡುಗಿಯನ್ನು ಯಾರಾದರೊಬ್ಬರು ಜಾತ್ರೆಯಲ್ಲೋ ಸಂತೆಯಲ್ಲೋ ಕಂಡೇ ಇರುತ್ತಿದ್ದರು. ಮುಂದೆ ನಮ್ಮ ಹುಡುಗರು ಸೋಲಾಪುರ, ಪುಣೆ, ಹೈದರಾಬಾದುಗಳಿಗೆ ನೌಕರಿಗೆ ಹೋದರು. ಬಲ್ಲವರು ನಡುವೆ ಇಲ್ಲದಾದಾಗ ಆ ಜಾಗಕ್ಕೆ ಪಟ ಬಂತು.

1978ರಲ್ಲಿ ನನ್ನ ತಂಗಿಗೆ ಇಪ್ಪತ್ತು ವರ್ಷ. ಐದನೆಯ ವಯಸ್ಸಿನಲ್ಲಿ ಅವಳಿಗೆ ಸಿಡುಬು ಆಗಿತ್ತು. ನಮ್ಮ ಕಡೆ ‘ದೇವಿ ಬರುವುದು’ ಎನ್ನುತ್ತಿದ್ದರು. 1975ರಲ್ಲಿ ದೇಶದಿಂದಲೇ ತೊಲಗಿದ ಆ ರೋಗ ಅವಳ ಎರಡೂ ಕೆನ್ನೆಗಳ ಮೇಲೆ ತನ್ನ ಗುರುತು ಬಿಟ್ಟುಹೋಗಿತ್ತು. ನಾನು ಆಗ ಎಳೆಯ ಮಾಸ್ತರ. ತಂದೆಯವರಿಗೆ ಹೇಳದೆ ಅವಳನ್ನು ಸ್ಟುಡಿಯೋಗೆ ಕರೆದೊಯ್ದು ಆ ಸಮುದ್ರದ ಮುಂದೆ ನಿಲ್ಲಿಸಿದೆ. ‘ಟಚಿಂಗ್’ ಮಾಡಿಕೊಡಲು ಕೇಳಿ, ಮೇಲೆ ಎರಡು ರೂಪಾಯಿ ಕೊಟ್ಟವನೂ ನಾನೇ. ಕಲೆಯಿರುವ ಜಾಗ ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ. ಅಲ್ಲಿ ಚೂಪಾದ ಪೆನ್ಸಿಲಿನಿಂದ ಮೆಲ್ಲಗೆ ತುಂಬಿದರೆ ಅಚ್ಚಾದ ಪಟದಲ್ಲಿ ಕಲೆ ಮಾಯವಾಗುತ್ತದೆ. ಹಾಗೆ ನನ್ನ ತಂಗಿಯ ಕೆನ್ನೆ ನಯವಾಯಿತು. ಅದನ್ನು ಒಂದು ಮನೆತನಕ್ಕೆ ಕಳಿಸಿದೆ.

ಅವರು ಹುಡುಗಿ ನೋಡಲು ಬಂದರು. ತಂಗಿ ಅವಲಕ್ಕಿ, ಚಹಾ ತಂದಿಟ್ಟು ಜಮಖಾನೆಯ ಅಂಚಿನಲ್ಲಿ ಕುಳಿತಳು. ಹುಡುಗನ ತಾಯಿ ಚೀಲದಿಂದ ಆ ಪಟ ತೆಗೆದು, ಒಮ್ಮೆ ಅದನ್ನೂ ಒಮ್ಮೆ ಅವಳನ್ನೂ ನೋಡಿ, ಪಟವನ್ನು ಬೋರಲಾಗಿ ಕೆಳಗಿಟ್ಟರು. ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ಚಹಾ ಕುಡಿದು, ತಿಳಿಸುತ್ತೇವೆಂದು ಹೇಳಿ ಎದ್ದರು. ಪಟ ಜಮಖಾನೆಯ ಮೇಲೆಯೇ ಉಳಿಯಿತು. ಆ ಸಂಜೆ ತಂಗಿ ಅದನ್ನು ನನ್ನ ಕೈಗೆ ಕೊಟ್ಟು ಹೇಳಿದಳು: “ಅಣ್ಣಾ, ಅವರು ನನ್ನ ಬ್ಯಾಡ ಅನ್ನಲಿಲ್ಲ. ಈ ಫೋಟೊದಾಗಿನಾಕಿನ್ನ ನೋಡ್ಲಾಕ ಬಂದಿದ್ರು. ಆಕಿ ಮನ್ಯಾಗ ಇರಲಿಲ್ಲ, ಹೊಳ್ಳಿ ಹೋದ್ರು.”

ನಲವತ್ತೇಳು ವರ್ಷಗಳಾದರೂ ಆ ಮಾತು ನನ್ನನ್ನು ಬಿಟ್ಟಿಲ್ಲ. ನಾನು ಸುಳ್ಳು ಹೇಳಿದ್ದು ಆ ಬೀಗರಿಗೆ. ಆದರೆ ಅಪಮಾನ ಆದದ್ದು ನನ್ನ ತಂಗಿಗೆ. ಇಂಗ್ಲೆಂಡಿನ ಇತಿಹಾಸದಲ್ಲಿಯೂ ಇಂಥದೊಂದು ಪ್ರಸಂಗವಿದೆ. ದೊರೆ ಎಂಟನೆಯ ಹೆನ್ರಿ 1539ರಲ್ಲಿ ಹೋಲ್ಬೈನ್ ಎಂಬ ಚಿತ್ರಕಾರನನ್ನು ಕಳಿಸಿ, ಕ್ಲೀವ್ಸ್ ಸೀಮೆಯ ಆ್ಯನ್ ಎಂಬ ರಾಜಕುಮಾರಿಯ ಚಿತ್ರ ಬರೆಸಿ ತರಿಸಿದ. 1540ರ ಜನವರಿಯಲ್ಲಿ ಅವಳನ್ನು ಪ್ರತ್ಯಕ್ಷ ಕಂಡಾಗ ಅವನ ಮನಸ್ಸು ಮುರಿಯಿತು. ಮದುವೆಯೇನೋ ನಡೆಯಿತು, ಅದೇ ಜುಲೈನಲ್ಲಿ ರದ್ದಾಯಿತು. ಚಿತ್ರ ಬರೆದವಳು ಅವಳಲ್ಲ, ಬರೆಸಿದವಳೂ ಅಲ್ಲ. ಲೋಕದ ಮಾತು ಕೇಳಬೇಕಾದವಳು ಮಾತ್ರ ಅವಳು. ಕಾಳಿದಾಸನ ಮಾಳವಿಕಾಗ್ನಿಮಿತ್ರದಲ್ಲಿ ಇದಕ್ಕೆ ವಿಪರೀತವಾಗಿದೆ. ಚಿತ್ರದಲ್ಲಿ ಮಾಳವಿಕೆಯನ್ನು ಕಂಡ ದೊರೆಗೆ, ಇಷ್ಟು ಚೆಲುವು ನಿಜವಿರಲಾರದೆಂಬ ಶಂಕೆಯಿತ್ತು. ಅವಳು ಎದುರಿಗೆ ಬಂದಾಗ, ಬರೆದವನ ಏಕಾಗ್ರತೆಯೇ ಸಡಿಲವಾಗಿತ್ತೆಂದು ಅವನಿಗೆ ತೋರುತ್ತದೆ. ಪಟಕ್ಕಿಂತ ಮನುಷ್ಯ ಮಿಗಿಲಾದರೆ ಆನಂದ. ಮನುಷ್ಯನಿಗಿಂತ ಪಟ ಮಿಗಿಲಾದರೆ ಇಬ್ಬರಿಗೂ ದುಃಖ.

ಇದನ್ನೆಲ್ಲ ಹೇಳಿದಾಗ ಮೊಮ್ಮಗ ಸುಮ್ಮನಿರಲಿಲ್ಲ. “ಮುತ್ಯಾ, ಒಬ್ಬೊಬ್ಬರ ಫೋಟೊ ನೋಡೋದು ಒಂದು ಕ್ಷಣ ಅಷ್ಟೇ. ಆ ಕ್ಷಣದಾಗ ಬೆರಳು ನಿಲ್ಲಲಿಲ್ಲ ಅಂದ್ರ ನನ್ನ ಮನಸ್ಸು ಎಂಥದು ಅಂತ ಅವರಿಗೆ ತಿಳಿಯೋದು ಹ್ಯಾಂಗ? ನಾನು ಬಾಗಿಲು ತಟ್ಟಲಿಕ್ಕೆ ಸುಳ್ಳು ಹೇಳ್ತೀನಿ, ಒಳಗ ಹೋದ ಮ್ಯಾಲ ಹೇಳಂಗಿಲ್ಲ” ಎಂದ.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಚೆಲುವು ಹುಟ್ಟಿನಿಂದಲೇ ದೊರೆತವರಿಗೆ ಸತ್ಯ ಅಗ್ಗ. ದೊರೆಯದವರಿಗೆ ಅದು ತುಟ್ಟಿ. ನನ್ನ ತಂಗಿ ಆಮೇಲೆ ಹಟ ಹಿಡಿದು ಟಚಿಂಗ್ ಇಲ್ಲದ ಪ್ರತಿಯನ್ನೇ ಕಳಿಸಲು ಹೇಳಿದಳು. ಮೂರು ಮನೆಯವರು ಪಟ ನೋಡಿಯೇ ಹಿಂದಿರುಗಿಸಿದರು. ಆದ್ದರಿಂದ ದೋಷವನ್ನೆಲ್ಲ ಪಟ ತೆಗೆಸಿಕೊಂಡವರ ಮೇಲೆ ಹೊರಿಸುವುದು ನ್ಯಾಯವಲ್ಲ. ಬೆಳ್ಳಗಾಗಿಸುತ್ತೇವೆಂಬ ಮುಲಾಮು ನಮ್ಮ ದೇಶದ ಅಂಗಡಿಗಳಿಗೆ 1975ರಲ್ಲಿ ಬಂತು. ಅದರ ಹೆಸರಿನಿಂದ ‘ಫೇರ್’ ಎಂಬ ಪದ ಹೋಗಬೇಕಾದರೆ 2020 ಬರಬೇಕಾಯಿತು. ಮದುವೆ ಕೂಡಿಸುವ ದೊಡ್ಡ ಜಾಲತಾಣವೊಂದು ಮೈಬಣ್ಣದ ಮೇಲೆ ವಧೂವರರನ್ನು ಸೋಸುವ ವ್ಯವಸ್ಥೆಯನ್ನು ತೆಗೆದದ್ದೂ ಅದೇ ವರ್ಷ. ಮಗನಿಗೆ ಬೆಳ್ಳನೆಯ ಸೊಸೆಯೇ ಬೇಕೆನ್ನುವ ನಾವೇ ಸ್ಟುಡಿಯೋದವನ ಕೈಗೆ ಪೆನ್ಸಿಲು ಕೊಟ್ಟವರು.

ಹಾಗಾದರೆ ಗೆರೆ ಎಳೆಯುವುದೆಲ್ಲಿ? ಕಾನೂನು ತನ್ನ ಗೆರೆಯನ್ನು ಎಳೆದಿದೆ. ಮುಖ್ಯವಾದ ಸಂಗತಿಯ ವಿಷಯದಲ್ಲಿ ವಂಚಿಸಿ ಒಪ್ಪಿಗೆ ಪಡೆದಿದ್ದರೆ, ಅಂಥ ಮದುವೆಯನ್ನು ರದ್ದುಗೊಳಿಸಲು 1955ರ ಹಿಂದೂ ವಿವಾಹ ಕಾಯ್ದೆಯ 12ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ಮಚ್ಚೆ, ಕನ್ನಡಕಗಳ ಲೆಕ್ಕವನ್ನು ನ್ಯಾಯಾಲಯ ಮಾಡಲಾರದು, ನಾವೇ ಮಾಡಿಕೊಳ್ಳಬೇಕು. ನನಗೆ ಈ ವಿಷಯದಲ್ಲಿ ದಾರಿ ತೋರಿದವಳು ದಮಯಂತಿ.

ಕನಕದಾಸರ ನಳಚರಿತ್ರೆಯನ್ನು ಓದಿದವರಿಗೆ ಈ ಕಥೆ ಹೊಸದಲ್ಲ. ದಮಯಂತಿ ವಿದರ್ಭದ ರಾಜಕುಮಾರಿ. ಅಂದರೆ ಇಂದು ನಮ್ಮ ಮಹಾರಾಷ್ಟ್ರದವಳೇ. ಅವಳು ನಳನನ್ನು ಒಲಿದದ್ದು ಹಂಸದ ಬಾಯಿಂದ ಅವನ ವರ್ಣನೆ ಕೇಳಿ. ಸ್ವಯಂವರದ ದಿನ ಇಂದ್ರ, ಅಗ್ನಿ, ವರುಣ, ಯಮರು ನಾಲ್ವರೂ ನಳನ ರೂಪವನ್ನೇ ತಾಳಿ ಕುಳಿತರು. ಐವರು ನಳರು! ಯಾರ ಕೊರಳಿಗೆ ಮಾಲೆ ಹಾಕಬೇಕು? ವ್ಯಾಸಭಾರತದ ವನಪರ್ವದ ಪ್ರಕಾರ, ಅವಳು ತನ್ನ ಸತ್ಯವನ್ನೇ ಮುಂದಿಟ್ಟು ದೇವತೆಗಳನ್ನು ಪ್ರಾರ್ಥಿಸಿದಾಗ ಅವರು ತಮ್ಮ ಲಕ್ಷಣಗಳನ್ನು ತೋರಿದರು. ಅವರ ಮೈ ಬೆವರಲಿಲ್ಲ, ರೆಪ್ಪೆ ಬಡಿಯಲಿಲ್ಲ, ಮಾಲೆ ಬಾಡಲಿಲ್ಲ, ಧೂಳು ಅಂಟಲಿಲ್ಲ, ಪಾದ ನೆಲ ಮುಟ್ಟಲಿಲ್ಲ. ಒಬ್ಬನಿಗೆ ಮಾತ್ರ ನೆರಳಿತ್ತು. ಅವನ ಮಾಲೆ ಬಾಡಿತ್ತು; ಮೈಮೇಲೆ ಧೂಳು, ಬೆವರು. ದಮಯಂತಿ ಅವನಿಗೆ ಮಾಲೆ ಹಾಕಿದಳು.

ಈ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದರ ಅರ್ಥ ನನಗೆ ಹೊಳೆದದ್ದು ಮೊಮ್ಮಗನ ಪಟ ನೋಡಿದ ಮೇಲೆ. ಅಲ್ಲಿ ಚೆಲುವಿಗೆ ಕೊರತೆಯಿರಲಿಲ್ಲ, ಐವರೂ ಚೆಲುವರೇ. ಮನುಷ್ಯನನ್ನು ಗುರುತಿಸಲು ನೆರವಾದದ್ದು ಅವನ ಕುಂದುಗಳು. ಬೆವರು, ಧೂಳು, ನೆರಳುಗಳನ್ನು ಯಂತ್ರದಿಂದ ಅಳಿಸಿಕೊಂಡವನು ದೇವತೆಯ ಹಾಗೆ ಕಂಡಾನು. ಆದರೆ ತನ್ನನ್ನೇ ಹುಡುಕಿ ಬಂದ ದಮಯಂತಿಗೂ ಸಿಗಲಾರನು.

ಆದ್ದರಿಂದ ನನ್ನ ಅಲ್ಪಮತಿಗೆ ತೋಚುವ ಒರೆಗಲ್ಲು ಇಷ್ಟೇ: ಈ ಪಟ ನೋಡಿ ಬಂದವರು ಬಸ್ ನಿಲ್ದಾಣದ ಗುಂಪಿನಲ್ಲಿ ನನ್ನನ್ನು ಗುರುತಿಸಬಲ್ಲರೇ? ಗುರುತಿಸಿದ ಮೇಲೆ ನಾನು ಏನನ್ನೂ ಮುಚ್ಚಿಡದೆ ಅವರ ಎದುರು ಕುಳಿತು ಚಹಾ ಕುಡಿಯಬಲ್ಲೆನೇ? ಒಳ್ಳೆಯ ಬೆಳಕು, ಒಗೆದ ಅಂಗಿ, ಬಿಗಿಹಿಡಿದ ಉಸಿರು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತವೆ. ಅಳಿಸಿದ ಮಚ್ಚೆ, ಬಾಡಿಗೆಯ ಹಲಗೆ, ತನ್ನದಲ್ಲದ ಧೈರ್ಯ ತೇರ್ಗಡೆಯಾಗುವುದಿಲ್ಲ. ನೆರೆಯ ಕಲ್ಯಾಣದ ಶರಣರು ನಡೆಯೂ ನುಡಿಯೂ ಒಂದಾಗಬೇಕೆಂದರು. ನಮ್ಮ ಕಾಲ ಅವಕ್ಕೆ ಪಟವೆಂಬ ಮೂರನೆಯದನ್ನು ಕೂಡಿಸಿದೆ. ಅದೂ ಅವೆರಡರ ಜೊತೆಗೆ ಕೂಡಿಬರಬೇಕು. ಬಾಗಿಲು ತಟ್ಟಲು ಹೇಳಿದ ಸುಳ್ಳು ಬಾಗಿಲ ಹೊರಗೇ ಉಳಿಯುವುದಿಲ್ಲ. ಒಳಗೆ ಬಂದು ನಮಗಿಂತ ಮೊದಲು ಕುಳಿತುಕೊಳ್ಳುತ್ತದೆ.

ತಂಗಿಯ ಕಥೆಯನ್ನು ಪೂರ್ತಿ ಮಾಡಬೇಕು. ನಾಲ್ಕನೆಯ ಮನೆಯವರು ಕಲೆಯಿದ್ದ ಪಟ ನೋಡಿಯೇ ನಿಲಂಗಾದಿಂದ ಬಂದರು. ಅವಳು ಆ ಮನೆಯಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಬಾಳಿದಳು. ಸುಖವೂ ಇತ್ತು, ಎಲ್ಲರ ಮನೆಯಂತೆ ಜಗಳವೂ ಇತ್ತು. ಎರಡು ವರ್ಷಗಳ ಹಿಂದೆ ತೀರಿಕೊಂಡಳು. ಗೋಡೆಗೆ ಹಾಕಲು ಅವಳ ಎಳೆಯ ವಯಸ್ಸಿನ ಪಟ ಬೇಕೆಂದು ಅವಳ ಮಗ ಕೇಳಿದ. ನನ್ನ ಟ್ರಂಕಿನಲ್ಲಿ ಎರಡೂ ಇದ್ದವು. ಚೆನ್ನಾಗಿ ಕಾಣಲೆಂದು, ಬುದ್ಧಿ ಕಲಿಯದ ನಾನು, ನಯವಾದ ಕೆನ್ನೆಯದನ್ನೇ ಕೊಟ್ಟೆ. ನಾಲ್ಕನೆಯ ದಿನ ಅವನು ಅದನ್ನು ಹಿಂದಕ್ಕೆ ತಂದ. “ಮಾಮಾ, ಇದು ನಮ್ಮವ್ವ ಅನಸಂಗಿಲ್ಲ. ಇನ್ನೊಂದು ಇದ್ರ ಕೊಡ್ರಿ” ಎಂದ. ಈಗ ನಿಲಂಗಾದ ಆ ಮನೆಯ ಗೋಡೆಯ ಮೇಲೆ, ಬಣ್ಣದ ಸಮುದ್ರದ ಮುಂದೆ, ಕೆನ್ನೆಯ ಕಲೆಗಳ ಸಮೇತ ಅವಳು ನಿಂತಿದ್ದಾಳೆ.

ಮೊಮ್ಮಗ ಪುಣೆಗೆ ಹೊರಡುವ ಮುನ್ನ ಅಂಗಳದ ಬೇವಿನ ಮರದ ಕೆಳಗೆ ಕನ್ನಡಕ ಹಾಕಿಕೊಂಡು ಒಂದು ಪಟ ತೆಗೆಸಿಕೊಂಡ. ತೆಗೆದವನು ನಾನು, ಕೈ ನಡುಗಿ ಸ್ವಲ್ಪ ಓರೆಯಾಯಿತು. ಸಮುದ್ರದ ಪಟಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದಾನೆ, ಹಲಗೆಯದನ್ನು ತೆಗೆದಿದ್ದಾನೆ. ಬೆರಳು ನಿಲ್ಲಿಸಿದವರು ಯಾರಾದರೂ ಇದ್ದಾರೆಯೇ ಎಂದು ನಾನು ಕೇಳಿಲ್ಲ. ಅದು ಅವನ ಮಾತು, ಹೇಳುವಾಗ ಹೇಳುತ್ತಾನೆ.